ಗರಸು ಸಿಗುವ ತನಕ

ಮೂರನೆಯ ಬಾಡಿಗೆ ಮನೆಯ ಮಾಲಕರು ನನಗೆ ಮನೆ ಬಿಡಲು ಹೇಳಿದ್ದು ಒಂದು ಸೋಮವಾರ ಮುಂಜಾನೆ. ಹಿಂದಿನ ದಿನ ಹೊಲದಲ್ಲಿ ಬೇನೆ ಕಾಣಿಸಿಕೊಂಡ ಹೆಣ್ಣುಮಗಳೊಬ್ಬಳನ್ನು ಅವಳ ಮನೆಯವರು ಗಾಡಿಯಲ್ಲಿ ಮಲಗಿಸಿಕೊಂಡು ನೇರ ನನ್ನ ಬಾಗಿಲಿಗೆ ತಂದಿದ್ದರು. ರವಿವಾರವಾದ್ದರಿಂದ ರೋಣದ ದವಾಖಾನೆ ಮುಚ್ಚಿತ್ತು. ಅಲ್ಲಿ ಹೆರಿಗೆ ಮಾಡಿಸುವ ನರ್ಸಬಾಯಿ ನಾನೊಬ್ಬಳೇ. ಬಾಡಿಗೆ ಮನೆಯ ಪಡಸಾಲೆಯಲ್ಲೇ ಹೆರಿಗೆ ಮಾಡಿಸಿದೆ. ತಾಯಿ, ಕೂಸು ಇಬ್ಬರೂ ಸುಖವಾಗಿ ಊರು ಸೇರಿದರು. ಮಾಲಕರು ಮರುದಿನ ಅಂಗಳದಲ್ಲಿ ನಿಂತು, ಹೊಸ್ತಿಲು ದಾಟದೆಯೇ ಮಾತಾಡಿದರು.

“ಬಾಯಾರ, ಈ ಮನಿ ನಾವು ನಿಮಗ ಕೊಟ್ಟೀವಿ. ಊರ ಹೆಂಗಸರ ಬ್ಯಾನಿಗೆಲ್ಲಾ ಕೊಟ್ಟಿಲ್ಲ. ಒಳಗ ದೇವರ ಜಗಲಿ ಐತಿ. ಮೈಲಿಗಿ ನಡ್ಯಾಂಗಿಲ್ಲ.”

“ಆಕೀ ಹೊಲದಾಗ ಹಡೀಬೇಕಿತ್ತೇನ್ರಿ?”

“ಅದು ನನಗ ಗೊತ್ತಿಲ್ಲ. ಅಮಾಸಿ ಒಳಗ ಖಾಲಿ ಮಾಡ್ರಿ.”

ಮೊದಲಿನ ಇಬ್ಬರು ಮಾಲಕರೂ ಇದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಹೇಳಿದ್ದರು. ಆಗೆಲ್ಲ ನಾನು ಕೈಮುಗಿದು ಇನ್ನೊಂದು ಮನೆ ಹುಡುಕಿದ್ದೆ. ಈ ಸಲ ಕೈಮುಗಿಯಲಿಲ್ಲ. “ಅಮಾಸಿ ತನಕ ಯಾಕ್ರಿ, ನಾಳೆ ಬಿಡ್ತೀನಿ. ಇನ್ನ ಮ್ಯಾಲೆ ಈ ಊರಾಗ ಯಾರ ಮನೀನೂ ಬಾಡಗಿಗೆ ಕೇಳಂಗಿಲ್ಲ,” ಎಂದೆ. ಮರುದಿನ ಟ್ರಂಕು, ಹಾಸಿಗೆ, ಸ್ಟೋವು ಎತ್ತಿಕೊಂಡು ದವಾಖಾನೆಯ ಹಿಂದಿನ ಸಾಮಾನಿನ ಖೋಲಿಗೆ ಹೋದೆ. ಡಾಕ್ಟರು ಎಂಟು ತಿಂಗಳ ಮಟ್ಟಿಗೆ ಅಲ್ಲಿರಲು ಒಪ್ಪಿದರು. ಅಷ್ಟರಲ್ಲಿ ನನ್ನ ಮನೆ ಎದ್ದು ನಿಲ್ಲಬೇಕಿತ್ತು.

ಗಜೇಂದ್ರಗಡದ ರಸ್ತೆಗೆ ಹೊಂದಿಕೊಂಡು ನನ್ನದೊಂದು ಸಣ್ಣ ಜಾಗವಿತ್ತು. ಅಪ್ಪಟ ಎರೆಭೂಮಿ. ಬೇಸಿಗೆಯಲ್ಲಿ ಅಂಗೈ ಹಿಡಿಸುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಹಿಟ್ಟಿನಂತೆ ಉಬ್ಬುತ್ತದೆ. ಅಂಥ ನೆಲದ ಮೇಲೆ ಗೋಡೆ ಏಳಬೇಕೆಂದರೆ ಕಪ್ಪು ಮಣ್ಣನ್ನೆಲ್ಲ ತೆಗೆದು, ಕೆಳಗಿನ ಹಳದಿ ಬಣ್ಣದ ಗಟ್ಟಿ ಗರಸು ಸಿಗುವ ತನಕ ಪಾಯ ತೋಡಬೇಕು. ಇದನ್ನು ತಿಳಿಯಲು ಇಂಜಿನಿಯರು ಆಗಬೇಕಿಲ್ಲ. ಊರಲ್ಲಿ ಕಣ್ಣು ಬಿಟ್ಟುಕೊಂಡು ತಿರುಗಿದರೆ ಸಾಕು. ನಾನು ಹೆರಿಗೆಗೆಂದು ಕಾಲಿಟ್ಟ ಎಷ್ಟೋ ಮನೆಗಳಲ್ಲಿ ಗೋಡೆ ಸೀಳಿ ಆಚೆಯ ಬೆಳಕು ಕಾಣುತ್ತಿತ್ತು.

ನಕ್ಷೆಯನ್ನು ನಾನೇ ಹಾಕಿದೆ. ನನಗೆ ಎರಡು ಖೋಲಿ, ಒಂದು ಅಡುಗೆಮನೆ. ರಸ್ತೆಯ ಕಡೆಗೆ ಬೇರೆಯದೇ ಬಾಗಿಲಿರುವ ಒಂದು ಹೆರಿಗೆ ಖೋಲಿ. ಅದರ ನೆಲಕ್ಕೆ ಚಪ್ಪಡಿ ಕಲ್ಲು, ತೊಳೆದ ನೀರು ಹರಿದುಹೋಗುವಷ್ಟು ಇಳಿಜಾರು, ಮೂಲೆಯಲ್ಲಿ ನೀರು ಕಾಯಿಸಲು ಒಲೆ, ಪೂರ್ವಕ್ಕೆ ಅಗಲವಾದ ಕಿಟಕಿ. ಆ ಬಾಗಿಲಿನ ಅಗಲವನ್ನು ಗಾಡಿಯಿಂದ ಇಬ್ಬರು ಸೇರಿ ಒಬ್ಬಳನ್ನು ಎತ್ತಿ ತರುವಷ್ಟು ಇಟ್ಟೆ.

ಗುತ್ತಿಗೆಯನ್ನು ಊರಿನ ಹೆಸರಾಂತ ಗುತ್ತೇದಾರರಿಗೇ ಕೊಟ್ಟೆ. ಪೇಟೆಯ ಅರ್ಧ ಅಂಗಡಿಗಳನ್ನು ಕಟ್ಟಿಸಿದವರು ಅವರು. ಕರಾರುಪತ್ರವನ್ನು ತಾವೇ ಬರೆಸಿಕೊಂಡು ಬರುತ್ತೇನೆ ಎಂದರು. ನಾನೇ ಬರೆದೆ. ಪಾಯ ಗರಸಿಗೆ ಮುಟ್ಟಬೇಕು. ಗೋಡೆಗೆ ಮಣ್ಣಲ್ಲ, ಸುಣ್ಣದ ಗಚ್ಚು. ಒಂದು ಸಲ ಹಾಕಿದ ಸುಣ್ಣ, ಉಸುಕನ್ನು ಎತ್ತಿನ ಗಾಣದಲ್ಲಿ ಇನ್ನೂರು ಸುತ್ತು ಅರೆಯಬೇಕು. ಗೋಡೆಯ ಎರಡು ಮುಖ ಬಿಚ್ಚಿಕೊಳ್ಳದಂತೆ ಅದರ ಇಡೀ ದಪ್ಪಕ್ಕೆ ಹಾಯುವ ಉದ್ದ ಕಲ್ಲುಗಳನ್ನು ನಾಲ್ಕು ನಾಲ್ಕು ಅಡಿಗೆ ಕೂಡಿಸಬೇಕು. ಕೊನೆಯ ಕಲಮು: ಕೆಲಸ ಕರಾರಿನಂತೆ ಇಲ್ಲದಿದ್ದರೆ ಗುತ್ತಿಗೆ ಮುರಿಯುವ ಹಕ್ಕು ನನ್ನದು.

ಅವರು ಓದಿ ನಕ್ಕರು. “ಬಾಯಾರ, ಇಪ್ಪತ್ತ ವರ್ಷಾತು ಮನಿ ಕಟ್ಟಸಾಕ ಹತ್ತಿ. ಇಷ್ಟ ಉದ್ದ ಯಾರೂ ಬರದಿಲ್ಲ.”

“ಒಬ್ಬರು ಬರದಾರ ಅಂತ ಇಟಗೋರಿ. ಸಹಿ ಮಾಡ್ರಿ.”

ಮಾಡಿದರು.

ಸಂಕ್ರಾಂತಿ ಮುಗಿದ ಮೇಲೆ ಪಾಯ ತೋಡಲು ಸುರುವಾಯಿತು. ಮಣ್ಣು ತೋಡುವವರು, ಹೊರುವವರು ಬಹುತೇಕ ಹೆಣ್ಣುಮಕ್ಕಳು. ಅವರ ಮುಂದಾಳು ಐವತ್ತರ ಹತ್ತಿರದ ಒಬ್ಬ ಹೆಂಗಸು. ಅವಳು ಮಾತು ಕಡಿಮೆ ಆಡುತ್ತಿದ್ದಳು. ಆದರೆ ಅವಳು ಕೈಬೀಸಿದರೆ ಹತ್ತು ಬುಟ್ಟಿಗಳು ಒಮ್ಮೆಲೆ ಏಳುತ್ತಿದ್ದವು. ನಾನು ಮುಂಜಾನೆ ದವಾಖಾನೆಗೆ ಹೋಗುವ ಮೊದಲು ಒಂದು ಸಲ, ಸಂಜೆ ಒಂದು ಸಲ ನೋಡಿ ಬರುತ್ತಿದ್ದೆ. ಮೂರು ಅಡಿ ಇಳಿದಾಗಲೂ ಮಣ್ಣು ಕಾಡಿಗೆಯ ಹಾಗಿತ್ತು.

ಆ ವಾರ ರಾಜೂರಿನಿಂದ ಕರೆ ಬಂತು. ಕೂಸು ಅಡ್ಡಲಾಗಿತ್ತು. ಎರಡು ದಿನ ಅಲ್ಲೇ ಉಳಿಯಬೇಕಾಯಿತು. ತಿರುಗಿ ಬಂದು ನೋಡಿದರೆ ಪಾಯದಲ್ಲಿ ಕಲ್ಲು ತುಂಬಿ, ಮೇಲೆ ಗಚ್ಚು ಬಳಿದು ನೆಲಮಟ್ಟಕ್ಕೆ ತಂದುಬಿಟ್ಟಿದ್ದರು. ಗುತ್ತೇದಾರರು ಬೇವಿನ ಗಿಡದ ಕೆಳಗೆ ಕುಳಿತು ಎಲೆ ಅಡಿಕೆ ಹಾಕುತ್ತಿದ್ದರು.

“ನಿಮ್ಮ ನಸೀಬ ಚಲೋ ಐತ್ರಿ ಬಾಯಾರ. ನಾಕ ಅಡಿಗೇ ಗರಸ ಹತ್ತಿತು,” ಎಂದರು.

ಪಕ್ಕದ ಹೊಲದ ಬಾವಿಯನ್ನು ನಾನು ನೋಡಿದ್ದೆ. ಅದರ ಗೋಡೆಯಲ್ಲಿ ಕಪ್ಪು ಮಣ್ಣು ಆಳೆತ್ತರಕ್ಕೂ ಮಿಕ್ಕಿ ಇಳಿದಿತ್ತು. ಒಂದು ಬೇಲಿ ದಾಟಿದ ಮಾತ್ರಕ್ಕೆ ನಸೀಬು ಅಷ್ಟು ಬದಲಾಗುವುದಿಲ್ಲ. ಬುಟ್ಟಿ ಹೊರುವವರ ಮುಂದಾಳು ಹೆಂಗಸಿನ ಹತ್ತಿರ ಹೋಗಿ ಕೇಳಿದೆ.

“ಯಕ್ಕಾ, ಕಡೀ ಬುಟ್ಟಿ ಮಣ್ಣಿನ ಬಣ್ಣ ಯಾವದಿತ್ತು?”

ಅವಳು ಗುತ್ತೇದಾರರ ಕಡೆಗೆ ನೋಡಿದಳು, ತಲೆಯ ಮೇಲಿನ ಸಿಂಬೆ ತೆಗೆದು ಝಾಡಿಸಿ ಮತ್ತೆ ಇಟ್ಟುಕೊಂಡಳು. ಕೆಲಸ ಹೋಗುವ ಭಯ ಅವಳಿಗಿತ್ತು. ಅದು ನನಗೆ ಕಾಣುತ್ತಿತ್ತು. ಒತ್ತಾಯ ಮಾಡಲಿಲ್ಲ, ಅಲ್ಲಿಂದ ಕದಲಲೂ ಇಲ್ಲ. ಕೊನೆಗೆ ಅವಳು ಎಲ್ಲರಿಗೂ ಕೇಳುವಂತೆಯೇ ಹೇಳಿದಳು: “ಕರೇದರಿ ಬಾಯಾರ. ಮೊದಲನೇದು ಹ್ಯಾಂಗಿತ್ತೋ ಕಡೇದೂ ಹಂಗ ಇತ್ತು.”

ಗುತ್ತೇದಾರರು ಎದ್ದು ಬಂದರು. “ಬುಟ್ಟಿ ಹೊರಾಕಿಗೆ ಏನ ತಿಳೀತೈತಿ?”

“ಕಣ್ಣಿದ್ದವರಿಗೆ ಬಣ್ಣ ತಿಳೀತೈತ್ರಿ. ಆ ಮೂಲಿ ಕಲ್ಲ ತಗಸ್ರಿ. ಗರಸ ಇದ್ರ ನಾ ನಿಮ್ಮ ಮುಂದ ತಪ್ಪಾತು ಅಂತೀನಿ.”

ಮೂಲೆಯ ಕಲ್ಲು ತೆಗೆದರು. ಕೆಳಗೆ ಕಪ್ಪು ಮಣ್ಣು. ಒಂದು ಹಿಡಿ ತೆಗೆದು ನೀರು ಚಿಮುಕಿಸಿ ಅಂಗೈಯಲ್ಲಿ ಉಂಡೆ ಕಟ್ಟಿ ಅವರ ಮುಂದೆ ಹಿಡಿದೆ. ಮೇಣದ ಹಾಗೆ ಅಂಟಿತ್ತು. ಇಡೀ ಪಾಯದ ಕಲ್ಲನ್ನು ಹೊರಗೆ ತೆಗೆಯಬೇಕು ಎಂದೆ. ಅವರು ಮುಖ ಕೆಂಪಗೆ ಮಾಡಿಕೊಂಡರೂ ತೆಗೆಸಿದರು. ಮುಂದಾಳು ಹೆಂಗಸಿಗೆ ನಾಳೆಯಿಂದ ಬರಬೇಡ ಎಂದರು. ಅವಳು ಬರದಿದ್ದರೆ ಕೆಲಸವೇ ನಡೆಯುವುದಿಲ್ಲ ಎಂದು ನಾನು ಹೇಳಿದೆ. ಅದಕ್ಕೂ ಒಪ್ಪಬೇಕಾಯಿತು.

ಗರಸು ಸಿಕ್ಕಿದ್ದು ಒಂಬತ್ತು ಅಡಿಗೆ. ಹೆಣ್ಣುಮಕ್ಕಳು ಏಣಿ ಹಚ್ಚಿ ಇಳಿದು, ಒಬ್ಬರ ಕೈಯಿಂದ ಒಬ್ಬರ ಕೈಗೆ ಬುಟ್ಟಿ ದಾಟಿಸುತ್ತಿದ್ದರು. ಹಳದಿ ಮಣ್ಣಿನ ಮೊದಲ ಬುಟ್ಟಿ ಮೇಲೆ ಬಂದಾಗ ಮುಂದಾಳು ಹೆಂಗಸು ಅದನ್ನು ಎಲ್ಲಿಯೂ ಸುರಿಯದೆ ನನ್ನ ಕಾಲ ಹತ್ತಿರ ತಂದಿಟ್ಟು, “ನೋಡಕೋರಿ,” ಎಂದಳು.

ಅಷ್ಟಾದ ಮೇಲೆ ಗುತ್ತೇದಾರರು ಬುದ್ಧಿ ಕಲಿತಿರಬಹುದು ಎಂದುಕೊಂಡೆ. ಅದು ನನ್ನ ತಪ್ಪು. ಅವರು ಕಲಿತದ್ದು ಬೇರೆ: ನನಗೆ ಕಾಣುವ ಜಾಗವನ್ನು ಬಿಟ್ಟು ಕಾಣದ ಜಾಗದಲ್ಲಿ ಮಾಡಬೇಕೆಂಬುದನ್ನು.

ಪಾಯ ತುಂಬಿ ಗೋಡೆ ಏಳತೊಡಗಿತು. ಕಲ್ಲು ಕಟ್ಟುವ ಮುಖ್ಯ ಗೌಂಡಿ ಗಜೇಂದ್ರಗಡದ ಮುಸಲ್ಮಾನರು. ಬಿಳಿ ಗಡ್ಡ, ಸಣ್ಣ ಮೈಕಟ್ಟು. ಎಲ್ಲರೂ ಅವರನ್ನು ಉಸ್ತಾದರು ಎನ್ನುತ್ತಿದ್ದರು. ವಾರವೆಲ್ಲ ರೋಣದಲ್ಲಿದ್ದು ಗುರುವಾರ ಸಂಜೆ ಬಸ್ಸಿಗೆ ಊರಿಗೆ ಹೋಗುತ್ತಿದ್ದರು. ಅವರು ಕಲ್ಲನ್ನು ಕೈಯಲ್ಲಿ ಎರಡು ಸಲ ತಿರುಗಿಸಿ ನೋಡಿದರೆ ಸಾಕು, ಯಾವ ಮುಖ ಹೊರಗೆ ಬರಬೇಕೆಂದು ತಿಳಿಯುತ್ತಿತ್ತು. ಹೊರಮುಖ ಕನ್ನಡಿಯ ಹಾಗೆ ಬರುತ್ತಿತ್ತು. ದಿನಕ್ಕೆ ಮೊಳದಷ್ಟು ಏರುತ್ತಿತ್ತು. ಇಷ್ಟು ಲಗೂ ಹೇಗೆ ಏರುತ್ತದೆ ಎಂಬುದೇ ನನಗೆ ಅನುಮಾನ ತಂದದ್ದು.

ಗೋಡೆ ಎದೆಮಟ್ಟಕ್ಕೆ ಬಂದ ದಿನ, ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿ ಕುಳಿತಾಗ ಹೋದೆ. ಹೆರಿಗೆ ಖೋಲಿಯ ಗೋಡೆಯನ್ನು ಸಣ್ಣ ಸುತ್ತಿಗೆಯಿಂದ ಅಲ್ಲಲ್ಲಿ ಬಡಿದೆ. ಕೆಲವು ಕಡೆ ಗಟ್ಟಿ ದನಿ, ಕೆಲವು ಕಡೆ ಡೊಳ್ಳಿನಂಥ ಪೊಳ್ಳು ದನಿ. ಹಳೆಯ ಡಾಕ್ಟರೊಬ್ಬರ ಮನೆ ಕಟ್ಟುವಾಗ ಒಂದು ಪರೀಕ್ಷೆ ನೋಡಿದ್ದೆ. ಒಂದು ಕೊಡ ನೀರು ತರಿಸಿ ಗೋಡೆಯ ನಡುಭಾಗಕ್ಕೆ ಮೇಲಿನಿಂದ ನಿಧಾನಕ್ಕೆ ಸುರಿದೆ. ಗಟ್ಟಿ ಗೋಡೆಯಾದರೆ ನೀರು ಮೇಲೆಯೇ ನಿಂತು ಅಂಚಿನಿಂದ ಹರಿಯಬೇಕು. ಇಡೀ ಕೊಡದ ನೀರನ್ನು ಗೋಡೆ ಗುಟುಕರಿಸಿಬಿಟ್ಟಿತು. ಇನ್ನೊಂದು ಕೊಡ ಸುರಿದೆ. ಸ್ವಲ್ಪ ಹೊತ್ತಿಗೆ ಬುಡದ ಸಂದಿನಿಂದ ಕೆಸರು ನೀರು ಹೊರಬಂತು. ಮೇಲಿನಿಂದ ಕೆದಕಿ ನೋಡಿದರೆ, ಸುಂದರವಾದ ಎರಡು ಮುಖಗಳ ನಡುವೆ ಬರೀ ಕಲ್ಲಿನ ಚಕ್ಕೆ, ಎರೆಮಣ್ಣು. ಹಾಯುವ ಉದ್ದ ಕಲ್ಲು ಒಂದೂ ಇರಲಿಲ್ಲ.

ಉಸ್ತಾದರು ಕೈಯಲ್ಲಿದ್ದ ರೊಟ್ಟಿಯನ್ನು ಬಟ್ಟೆಯ ಮೇಲೆ ಇಟ್ಟರು.

“ಉಸ್ತಾದರ, ಇದು ನಿಮ್ಮ ಕೈಕೆಲಸ ಏನ್ರಿ?”

“ಹೌದ್ರಿ.”

“ಗೊತ್ತಿದ್ದ ಮಾಡೀರಿ?”

“ನಾ ಕೂಲಿ ಮನಶಾ, ಬಾಯಾರ. ಗಚ್ಚ ಎಷ್ಟ ಕೊಟ್ರೋ ಅಷ್ಟರಾಗ ಕಟ್ಟೀನಿ.” ಅವರು ನನ್ನ ಮುಖ ನೋಡಲಿಲ್ಲ.

ಗುತ್ತೇದಾರರಿಗೆ ಹೇಳಿಕಳಿಸಿದೆ. ಅವರು ಒಬ್ಬರೇ ಬರಲಿಲ್ಲ. ಮರುದಿನ ಊರ ನಾಲ್ಕು ಮಂದಿ ಹಿರಿಯರನ್ನು ಕರೆದುಕೊಂಡು ಬಂದರು. ನನ್ನ ಜಾಗದಲ್ಲಿ, ನನ್ನ ಬೇವಿನ ನೆರಳಿನಲ್ಲಿ ಜಮಖಾನೆ ಹಾಸಿ ಕುಳಿತರು. ನನಗೆ ಕುಳಿತುಕೊಳ್ಳಿರಿ ಎಂದು ಯಾರೂ ಹೇಳಲಿಲ್ಲ. ಹೇಳಿದ್ದರೂ ಕೂಡುತ್ತಿರಲಿಲ್ಲ. ಹಿರಿಯರಲ್ಲಿ ಮುಖ್ಯರಾದವರು ಪೇಟೆಯ ಕಾಳಿನ ವ್ಯಾಪಾರಿ. ಅವರು ಗೋಡೆಯ ಹೊರಮುಖದ ಮೇಲೆ ಕೈಯಾಡಿಸಿದರು.

“ಗ್ವಾಡಿ ಏನಾಗೈತ್ರಿ? ಚಲೋ ಐತಲ್ಲ. ಮ್ಯಾಲಿಂದ ನೀರ ಸುರದ್ರ ಯಾವ ಗ್ವಾಡಿ ಕುಡ್ಯಾಂಗಿಲ್ಲ? ಬಾಯಾರ, ನಿಮ್ಮ ಕೆಲಸ ನೀವು ಭಾಳ ಚಲೋ ಮಾಡ್ತೀರಿ. ಇದು ಗಂಡಸರ ಕೆಲಸ. ಇದನ್ನ ಅವರಿಗೆ ಬಿಡ್ರಿ.”

“ಮಾಡಲಿ ಅಂತನ ಕೊಟ್ಟಿದ್ದೆ. ಮಾಡಿಲ್ಲ,” ಎಂದೆ. ಕರಾರುಪತ್ರ ತೆಗೆದು ಓದಿದೆ. ಉದ್ದ ಕಲ್ಲಿನ ಕಲಮು ಬಂದಾಗ ನಿಲ್ಲಿಸಿ, “ಒಂದ ಕಲ್ಲ ತೋರಸ್ರಿ. ಒಂದ ಸಾಕು,” ಎಂದು ಗುತ್ತೇದಾರರನ್ನು ಕೇಳಿದೆ.

ಅವರು ತೋರಿಸಲಿಲ್ಲ. ಬದಲಿಗೆ ಹಿರಿಯರ ಕಡೆ ತಿರುಗಿ ಹೇಳಿದರು: “ಇದನ್ನ ಕೆಡವು ಅಂದ್ರ ನನ್ನ ಮಂದೀನ್ನ ಎಲ್ಲಾ ತಕ್ಕೊಂಡ ಹೊಂಟೆ. ಆಮ್ಯಾಲೆ ರೋಣದಾಗಿಂದ ನರಗುಂದದ ತನಕ ಒಬ್ಬ ಗೌಂಡಿ ಈ ಜಾಗಾದಾಗ ಕಾಲಿಟ್ರ ನನ್ನ ಹೆಸರ ಹೇಳಬ್ಯಾಡ್ರಿ.”

ಹಿರಿಯರು ನನ್ನ ಕಡೆ ನೋಡಿದರು. ಇನ್ನು ಇವಳು ಮೆತ್ತಗಾಗುತ್ತಾಳೆ ಎಂಬ ಸಮಾಧಾನ ಅವರ ಮುಖದಲ್ಲಿತ್ತು. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ನಾನೂ ಲೆಕ್ಕ ಹಾಕಿದೆ. ಮಳೆಗಾಲ ದೂರವಿರಲಿಲ್ಲ. ದವಾಖಾನೆಯ ಖೋಲಿ ಎಂಟು ತಿಂಗಳ ಮಟ್ಟಿಗೆ ಮಾತ್ರ ನನ್ನದು. ಸುಮ್ಮನೆ ಗಿಲಾವು ಬಳಿಸಿ ಒಳಗೆ ಹೋದರೆ ನಾಲ್ಕು ಮಳೆಗಾಲ ಆ ಗೋಡೆ ನಿಂತರೂ ನಿಲ್ಲಬಹುದು. ಐದನೆಯದಕ್ಕೆ ಅದು ಯಾರ ಮೇಲೆ ಬೀಳುತ್ತದೆ? ಆ ಖೋಲಿಯಲ್ಲಿ ಮಲಗುವವಳಿಗೆ ಎದ್ದು ಓಡಲು ಬರುವುದಿಲ್ಲ. ಈ ಒಂದು ಯೋಚನೆ ಬಂದದ್ದೇ ಉಳಿದದ್ದೆಲ್ಲ ಸಲೀಸಾಯಿತು.

“ನಿಮ್ಮ ಮಂದೀನ್ನ ಕರಕೊಂಡ ಹೋಗ್ರಿ. ಗುತ್ತಿಗಿ ಮುರದೀನಿ,” ಎಂದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಲ್ಲೇ ಬಿದ್ದಿದ್ದ ಹಾರೆ ಎತ್ತಿಕೊಂಡು ಗೋಡೆಯ ಮೇಲಿನ ಸಾಲಿನ ಕಲ್ಲೊಂದನ್ನು ಮೀಟಿದೆ. ಅದು ಎದ್ದು ಬಂದದ್ದು ನನ್ನ ಬಲದಿಂದಲ್ಲ. ಹಿಡಿದುಕೊಳ್ಳಲು ಅದರ ಕೆಳಗೆ ಏನೂ ಇರಲಿಲ್ಲ. ಕಲ್ಲು ಉರುಳಿ ಜಮಖಾನೆಯ ಅಂಚಿಗೆ ಬಂದು ನಿಂತಿತು. ಹಿರಿಯರು ಎದ್ದರು.

ಅವತ್ತೇ ಗುತ್ತೇದಾರರ ಲೆಕ್ಕ ತೀರಿಸಿ ರಸೀದಿ ಬರೆಸಿಕೊಂಡೆ. ಉಳಿದ ಗೋಡೆಯನ್ನು ಬುಟ್ಟಿಯ ಹೆಣ್ಣುಮಕ್ಕಳು ಮೂರು ದಿನದಲ್ಲಿ ಇಳಿಸಿ, ಕಲ್ಲುಗಳನ್ನು ಗಾತ್ರದ ಪ್ರಕಾರ ಸಾಲಾಗಿ ಜೋಡಿಸಿಟ್ಟರು. ಅವರು ಹೋಗಿರಲಿಲ್ಲ. ಮುಂದಾಳು ಹೆಂಗಸನ್ನು, ನಿನಗೆ ಭಯವಿಲ್ಲವೇ ಎಂದು ಕೇಳಿದರೆ, “ಒಮ್ಮೆ ಹೇಳಿ ಕೆಟ್ಟಾಕಿ ಆಗೇನಲ್ಲರಿ. ಇನ್ನ ಅಂಜಿ ಏನ್ ಮಾಡೂದೈತಿ,” ಎಂದಳು.

ಗುತ್ತೇದಾರರು ಹೇಳಿದ ಮಾತು ಸುಳ್ಳಾಗಿರಲಿಲ್ಲ. ರೋಣದ ಗೌಂಡಿಗಳು ನನ್ನನ್ನು ನೋಡಿದರೆ ಬೇರೆ ಓಣಿ ಹಿಡಿಯುತ್ತಿದ್ದರು. ನರೇಗಲ್ಲಿನವರೊಬ್ಬರು ಬರುತ್ತೇನೆಂದು ಹೇಳಿ ಬರಲಿಲ್ಲ. ರಜೆ ಹಾಕಿ ಬಸ್ಸು ಹತ್ತಿ ನರಗುಂದಕ್ಕೆ ಹೋದೆ. ಗುಡ್ಡದ ಕೆಳಗಿನ ಓಣಿಯಲ್ಲಿ ಒಬ್ಬ ಗೌಂಡಿ ಚಹಾ ಕೊಟ್ಟು ಮರ್ಯಾದೆಯಿಂದ ಮಾತಾಡಿಸಿ, ಕೊನೆಗೆ, “ಅವರ ಕಡೆ ನಮಗ ವರ್ಷಕ್ಕ ಆರ ತಿಂಗಳ ಕೆಲಸ ಇರ್ತೈತ್ರಿ. ನಿಮ್ಮದು ಒಂದ ಮನಿ,” ಎಂದ. ಅವನ ಮಾತಿನಲ್ಲಿ ನ್ಯಾಯವಿತ್ತು. ಆದರೂ ತಿರುಗಿ ಬರುವಾಗ ಬಸ್ಸಿನ ಕಿಟಕಿಯ ಸರಳನ್ನು ಕೈ ನೋಯುವಷ್ಟು ಬಿಗಿಯಾಗಿ ಹಿಡಿದುಕೊಂಡು ಕುಳಿತಿದ್ದೆ. ಮೂರು ವಾರ ಹೀಗೆ ಹೋಯಿತು. ಗೋಡೆಯಿಲ್ಲದ ಪಾಯದ ಸುತ್ತ ಊರವರು ನಿಂತು ನೋಡಿ ಹೋಗುತ್ತಿದ್ದರು.

ನಾಲ್ಕನೆಯ ವಾರ ಗಜೇಂದ್ರಗಡಕ್ಕೆ ಹೋಗಿ ಉಸ್ತಾದರ ಮನೆ ಕೇಳಿಕೊಂಡು ಹೋದೆ. ಅವರು ಕಟ್ಟೆಯ ಮೇಲೆ ಕುಳಿತು ಉಳಿ ಮಸೆಯುತ್ತಿದ್ದರು. ನನ್ನನ್ನು ನೋಡಿ ಎದ್ದು ನಿಂತು ಒಳಗಿಂದ ಚಾಪೆ ತರಿಸಿದರು. ನಾನು ಸುತ್ತಿ ಬಳಸಿ ಮಾತಾಡಲಿಲ್ಲ.

“ನೀವು ಕಟ್ಟಿದ ಗ್ವಾಡಿ ಕೆಡವೀನಿ. ನಿಮಗ ಸಿಟ್ಟ ಬಂದೈತೇನ್ರಿ?”

“ಬಂದೈತಿ,” ಎಂದರು. ಮಸೆಯುವುದನ್ನು ನಿಲ್ಲಿಸಿರಲಿಲ್ಲ. “ನಿಮ್ಮ ಮ್ಯಾಲಲ್ಲ. ನಮ್ಮಪ್ಪ ಕಟ್ಟಿದ ಬಾವಿ ಕಟ್ಟಿ ಇಲ್ಲೇ ಐತಿ, ಇನ್ನೂ ಒಂದ ಕಲ್ಲ ಅಳಗಾಡಿಲ್ಲ. ನನ್ನ ಗ್ವಾಡಿ ಒಂದ ಹೆಣ್ಮಗಳು ಹಾರಿ ಹಾಕಿದ್ರ ಎದ್ದ ಬಂತು. ಪ್ಯಾಟ್ಯಾಗ ಇದನ್ನ ಹೇಳಿ ನಗಾಕತ್ತಾರ.”

“ಹಂಗಾರ ಬರ್ರಿ. ಅದ ಕಲ್ಲ, ಅದ ಜಾಗಾ. ಗಚ್ಚ ಎಷ್ಟ ಬೇಕು ನೀವು ಹೇಳ್ರಿ, ನಾ ತರಸ್ತೀನಿ. ಲಗೂ ಮಾಡ್ರಿ ಅಂತ ಯಾರೂ ಅನ್ನಂಗಿಲ್ಲ.”

“ಗುತ್ತೇದಾರ ನನಗ ಮತ್ತ ಕೆಲಸ ಕೊಡಂಗಿಲ್ಲ.”

“ಕೊಡಂಗಿಲ್ಲ. ಅದಕ್ಕ ನನ್ನ ಕಡೆ ಔಷಧ ಇಲ್ರಿ ಉಸ್ತಾದರ. ಸುಳ್ಳ ಹೇಳಂಗಿಲ್ಲ. ಮತ್ತ ಇನ್ನೊಂದು. ಗ್ವಾಡಿ ಮ್ಯಾಲೆ ನೀರ ಸುರದ ನೋಡೂದು ನಾ ಬಿಡಂಗಿಲ್ಲ.”

ಅವರು ಉಳಿಯ ಬಾಯಿಗೆ ಹೆಬ್ಬೆರಳು ಒತ್ತಿ ನೋಡಿದರು. “ನೀವ್ಯಾಕ ಸುರೀತೀರಿ,” ಎಂದರು. “ನಾನ ಸುರೀತೀನಿ.”

ಶುಕ್ರವಾರದ ನಮಾಜು ಮುಗಿಸಿ ಶನಿವಾರ ಮುಂಜಾನೆ ಅವರು ಬಂದರು. ಜೊತೆಗೆ ಅವರ ತಮ್ಮ, ಇನ್ನಿಬ್ಬರು. ಅವರದೂ ಒಂದು ಶರತ್ತಿತ್ತು: ಒಂದೂವರೆ ಅಡಿ ಏರಿದ ಮೇಲೆ ಗೋಡೆಗೆ ಎರಡು ದಿನ ವಿಶ್ರಾಂತಿ, ನೀರು ಹೊಡೆಯುವುದಷ್ಟೇ ಕೆಲಸ. ಬುಟ್ಟಿಯ ಹೆಣ್ಣುಮಕ್ಕಳೂ ಒಂದು ಶರತ್ತು ಹಾಕಿದರು: ಹೊತ್ತು ಮುಳುಗುವ ಮೊದಲು ಬಿಡಬೇಕು, ಮೊಲೆಯುಣ್ಣುವ ಮಕ್ಕಳಿಗೆ ನೆರಳು ಮಾಡಿಕೊಡಬೇಕು. ಎರಡೂ ಕಡೆಯ ಶರತ್ತುಗಳು ನನಗೆ ಒಪ್ಪಿಗೆಯಾದವು.

ನಾನು ಸೂರ್ಯ ಏಳುವ ಮೊದಲೇ ಬಂದು ಸುಣ್ಣದ ಗಾಣದ ಹತ್ತಿರ ನಿಲ್ಲುತ್ತಿದ್ದೆ. ದುಂಡನೆಯ ಕಾಲುವೆಯಲ್ಲಿ ಕಲ್ಲಿನ ಗಾಲಿ, ಅದಕ್ಕೆ ಒಂದು ಜೋಡಿ ಎತ್ತು. ಇಪ್ಪತ್ತು ಸುತ್ತಿಗೊಮ್ಮೆ ಒಂದು ಹುಣಸೆಬೀಜವನ್ನು ಮಡಕೆಯಲ್ಲಿ ಹಾಕುವುದು. ಹತ್ತು ಬೀಜವಾದರೆ ಗಚ್ಚು ಎತ್ತಬಹುದು. ನಾನು ದವಾಖಾನೆಗೆ ಹೋದ ಮೇಲೆ ಬೀಜ ಹಾಕುವ ಕೆಲಸ ಮುಂದಾಳು ಹೆಂಗಸಿನದು. ಅವಳಿಗೆ ಓದು ಬರದು. ಆದರೆ ಅವಳ ಲೆಕ್ಕವನ್ನು ತಪ್ಪಿಸಲು ಗಾಣ ಹೊಡೆಯುವವನಿಂದ ಒಂದು ದಿನವೂ ಆಗಲಿಲ್ಲ.

ಎಲ್ಲ ತಪ್ಪೂ ಗುತ್ತೇದಾರರದೇ ಎಂಬಂತೆ ಬರೆದರೆ ಅದು ನ್ಯಾಯವಲ್ಲ. ನನ್ನದೂ ಒಂದಿದೆ. ಹೆರಿಗೆ ಖೋಲಿಯ ಕಿಟಕಿಯನ್ನು ಐದು ಅಡಿ ಅಗಲ ಇಡಬೇಕೆಂದು ಹಟ ಹಿಡಿದೆ. ಉಸ್ತಾದರು, “ಅಷ್ಟ ಅಗಲಕ್ಕ ಮ್ಯಾಲಿನ ಕಲ್ಲ ತಡ್ಯಾಂಗಿಲ್ರಿ. ಮೂರೂವರಿ ಮಾಡೂಣು,” ಎಂದರು. ಮೋಸ ನೋಡಿ ನೋಡಿ ನನಗೆ ಆಗ ಯಾರು ಬೇಡವೆಂದರೂ ಅದು ಮೋಸವೆಂದೇ ಕಾಣುತ್ತಿತ್ತು. “ಕಟ್ರಿ,” ಎಂದೆ. ಗಜೇಂದ್ರಗಡದಿಂದ ಉದ್ದದೊಂದು ಕಲ್ಲು ತರಿಸಿ ಕಿಟಕಿಯ ಮೇಲೆ ಅಡ್ಡ ಕೂಡಿಸಿದರು. ಅದರ ಮೇಲೆ ಮೂರು ಸಾಲು ಏರುವಷ್ಟರಲ್ಲಿ ಅದು ನಟ್ಟನಡುವೆ ಬಿರಿಯಿತು. ಕೆಳಗೆ ಯಾರೂ ಇರಲಿಲ್ಲ ಎಂಬುದೊಂದೇ ಪುಣ್ಯ. ಎಲ್ಲರೂ ಕೆಲಸ ನಿಲ್ಲಿಸಿ ನನ್ನತ್ತ ನೋಡಿದರು. ಯಾವ ಜಾಗದಲ್ಲಿ ನಾನು ಗುತ್ತೇದಾರರಿಂದ ತಪ್ಪಾಯಿತು ಎಂಬ ಮಾತಿಗಾಗಿ ಕಾದಿದ್ದೆನೋ ಅದೇ ಜಾಗದಲ್ಲಿ ಆ ಮಾತನ್ನು ನಾನೇ ಆಡಬೇಕಾಯಿತು.

“ತಪ್ಪ ನಂದು, ಉಸ್ತಾದರ. ನಿಮ್ಮ ಮಾತ ಕೇಳಬೇಕಿತ್ತು. ಸಣ್ಣದ ಮಾಡ್ರಿ.”

ಉಸ್ತಾದರು ಬಿರಿದ ಕಲ್ಲನ್ನೇ ನೋಡುತ್ತ ಗಡ್ಡ ನೀವಿಕೊಂಡರು. “ಬೆಳಕ ಬೇಕ ನಿಮಗ?”

“ಬೇಕು. ಹಡದಾಕಿಗೆ ಹೊಲಿಗಿ ಹಾಕೂ ಮುಂದ ಕಂದೀಲ ಸಾಲಂಗಿಲ್ಲ.”

“ಇದನ್ನ ಮೊದಲ ಹೇಳಬೇಕಿಲ್ಲೇನ್ರಿ. ಅಡ್ಡ ಕಲ್ಲ ಬ್ಯಾಡ. ಕಮಾನ ಹೊಡೀತೀನಿ. ಐದ ಅಡಿ ಇರಲಿ.”

ಎಂಟು ದಿನ ಹಿಡಿಯಿತು. ಹಲಗೆಯ ಅಚ್ಚಿನ ಮೇಲೆ ಒಂದೊಂದೇ ಕಲ್ಲನ್ನು ಬೆಣೆಯ ಹಾಗೆ ಕೆತ್ತಿ ಎರಡೂ ಕಡೆಯಿಂದ ಏರಿಸಿ, ನಡುವಿನ ಕಲ್ಲನ್ನು ಮರದ ಕೊಡತಿಯಿಂದ ಬಡಿದು ಕೂಡಿಸಿದರು. ಅಚ್ಚು ತೆಗೆದ ದಿನ ಅವರು ಕಮಾನಿನ ನೇರ ಕೆಳಗೆ ನಿಂತು ಚಿಲುಮೆ ಹಚ್ಚಿದರು. ನಾನೂ ಹೋಗಿ ಪಕ್ಕದಲ್ಲಿ ನಿಂತೆ.

ತೊಲೆ, ಜಂತಿ ಏರಿ ಮಾಳಿಗೆಗೆ ಮಣ್ಣು ಹಾಕುವ ಹೊತ್ತಿಗೆ ಹೊಸದೊಂದು ಸುರುವಾಯಿತು. ಹೆರಿಗೆ ಖೋಲಿಯ ಬಾಗಿಲು ರಸ್ತೆಗೆ ತೆರೆಯುವುದು ಶುಭವಲ್ಲವೆಂದು ಪೇಟೆಯಲ್ಲಿ ಮಾತು ಹುಟ್ಟಿತು. ಒಂದು ಮುಂಜಾನೆ ಬಂದು ನೋಡಿದರೆ ಆ ಬಾಗಿಲಿಗೆ ಅಡ್ಡಲಾಗಿ ಜಾಲಿಯ ಮುಳ್ಳುಕಂಟಿಗಳ ರಾಶಿ. ಯಾರು ಹಾಕಿದರೆಂದು ನಾನು ಕೇಳಲಿಲ್ಲ. ಕೇಳಿದರೆ ಅವರಿಗೆ ಉತ್ತರ ಕೊಡುವ ಅವಕಾಶ ಸಿಗುತ್ತಿತ್ತು. ಹೆಣ್ಣುಮಕ್ಕಳು ಕಂಟಿ ಎಳೆದು ಒಳಗೆ ತಂದರು. ಮೂಲೆಯ ಹೊಸ ಒಲೆಗೆ ಅದನ್ನೇ ಹಾಕಿ ಉರಿ ಹಚ್ಚಿ ಎಲ್ಲರಿಗೂ ಚಹಾ ಕಾಸಿದೆವು. ಮರುದಿನವೂ ಕಂಟಿ ಬಂತು. ಮರುದಿನವೂ ಚಹಾ ಆಯಿತು. ಮೂರನೆಯ ದಿನ ಮುಂದಾಳು ಹೆಂಗಸು ರಸ್ತೆಯಲ್ಲಿ ನಿಂತು, ಪೇಟೆಗೆ ಹೋಗುವವರಿಗೆಲ್ಲ ಕೇಳುವಂತೆ ನನ್ನನ್ನು ಕೂಗಿ ಹೇಳಿದಳು: “ಬಾಯಾರ, ನಾಳಿಗೆ ಸ್ವಲ್ಪ ಒಣಗಿದ್ದ ಕಳಸಂತ ಹೇಳ್ರಿ. ಹಸೀದು ಭಾಳ ಹೊಗಿ ಬಿಡ್ತೈತಿ.” ನಾಲ್ಕನೆಯ ದಿನ ಕಂಟಿ ಬರಲಿಲ್ಲ.

ಜೂನಿನ ಮೊದಲ ದೊಡ್ಡ ಮಳೆಗೆ ಮಾಳಿಗೆ ಒಂದು ಕಡೆ ಮಾತ್ರ ಸೋರಿತು. ಉಸ್ತಾದರ ತಮ್ಮ ಮೇಲೆ ಏರಿ, ನೀರು ಇಳಿಯಗೊಡದ ಹಾಳುಮಣ್ಣು ಹಾಕಿ ತುಳಿದು ಬಂದ. ಸುತ್ತಲಿನ ಎರೆ ಉಬ್ಬಿ ಕಾಲು ಹುಗಿಯುವಂತಾಯಿತು. ಗೋಡೆಯಲ್ಲಿ ಕೂದಲೆಳೆಯ ಬಿರುಕೂ ಕಾಣಲಿಲ್ಲ.

ಮನೆತುಂಬುವ ದಿನ ಊಟಕ್ಕೆ ಎಲ್ಲರನ್ನೂ ಕರೆದೆ, ಆ ನಾಲ್ವರು ಹಿರಿಯರನ್ನೂ, ಗುತ್ತೇದಾರರನ್ನೂ ಬಿಡಲಿಲ್ಲ. ನಮ್ಮ ಕಡೆ ಮೊದಲ ಪಂಕ್ತಿ ಹಿರಿಯರದು, ಕೆಲಸದವರು ಕೊನೆಗೆ, ಅದೂ ಅಂಗಳದಲ್ಲಿ. ನಾನು ಪಡಸಾಲೆಯಲ್ಲಿ ಎಲೆ ಹಾಕಿಸಿ, ಉಸ್ತಾದರನ್ನು, ಅವರ ತಮ್ಮನನ್ನು, ಬಡಿಗನನ್ನು, ಗಾಣದವನನ್ನು, ಹತ್ತೂ ಬುಟ್ಟಿಯ ಹೆಣ್ಣುಮಕ್ಕಳನ್ನು ಮೊದಲು ಕೂಡಿಸಿದೆ. ಅವರು ಕೂಡಲು ಹಿಂಜರಿದರು. ಮುಂದಾಳು ಹೆಂಗಸಿನ ಕೈಹಿಡಿದು ನಾನೇ ಕೂಡಿಸಬೇಕಾಯಿತು.

ಕಾಳಿನ ವ್ಯಾಪಾರಿ ಬಾಗಿಲಲ್ಲೇ ನಿಂತರು. “ಬಾಯಾರ, ಹಿಂದ ಮುಂದ ನೋಡ್ರಿ. ಯಾರನ್ನ ಎಲ್ಲೆ ಕೂಡಸೀರಿ?”

“ನೋಡೇ ಕೂಡಸೀನ್ರಿ. ಇವರು ಕಟ್ಟಿದ ಮನಿ ಇದು. ನೀವು ಎರಡನೇ ಪಂಕ್ತಿಗೆ ಕೂಡ್ರಿ, ಬಿಸಿ ಹೋಳಿಗಿ ಇರ್ತಾವ.”

ಅವರು, ಅವರೊಂದಿಗೆ ಇನ್ನೊಬ್ಬರು, ತಿರುಗಿ ಹೋದರು. ನಾನು ತಡೆಯಲಿಲ್ಲ. ಉಳಿದಿಬ್ಬರು ಹೊರಗಿನ ಕಟ್ಟೆಯ ಮೇಲೆ ಕುಳಿತರು. ಗುತ್ತೇದಾರರು ಹೋಗುತ್ತಾರೆಂದು ನಾನು ಎಣಿಸಿದ್ದೆ. ಅವರು ಹೋಗಲಿಲ್ಲ. ಜನ ಉಣ್ಣುವಷ್ಟು ಹೊತ್ತೂ ಮನೆಯ ಸುತ್ತ ತಿರುಗಿದರು. ಹೆರಿಗೆ ಖೋಲಿಯ ಕಮಾನಿನ ಕೆಳಗೆ ತುಸು ಹೊತ್ತು ನಿಂತರು. ಎರಡನೆಯ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾ, ಎದುರಿಗೆ ಕೈತೊಳೆದು ನಿಂತಿದ್ದ ಉಸ್ತಾದರನ್ನು ಕೇಳಿದರು: “ಮುಂದಿನ ತಿಂಗಳ ನರೇಗಲ್ಲಾಗ ಒಂದ ಮನಿ ಹಿಡದೀನಿ. ಬರ್ತೀಯೇನು?”

“ಗಚ್ಚ ಎಷ್ಟ ಕೊಡ್ತೀರಿ ಅಂತ ಮೊದಲ ಬರದ ಕೊಡ್ರಿ,” ಎಂದರು ಉಸ್ತಾದರು. “ಓದಿಸಿ ನೋಡಿ ಹೇಳ್ತೀನಿ.”

ಗುತ್ತೇದಾರರು ನನ್ನ ಕಡೆ ನೋಡಿದರು, ಈ ಚಟ ಹಚ್ಚಿದವರು ನೀವೇ ಎಂಬಂತೆ. ನಾನು ಅವರ ಎಲೆಗೆ ಇನ್ನೊಂದು ಹೋಳಿಗೆ ಹಾಕಿ, ತುಪ್ಪ ಬಡಿಸಿ ಮುಂದೆ ಹೋದೆ.

ಅದಾಗಿ ಮೂರನೆಯ ದಿನ ಮುಂಜಾನೆ, ಪೆಟ್ಟಿಗೆಯಿಂದ ಪಾತ್ರೆ ತೆಗೆದು ಜೋಡಿಸುತ್ತಿದ್ದಾಗ ರಸ್ತೆಯಲ್ಲಿ ಗಾಡಿ ನಿಂತ ಸದ್ದಾಯಿತು. ಹೊಲದ ಕಡೆಯ ಹಳ್ಳಿಯೊಂದರ ರೈತ, ಗಾಡಿಯ ಒಳಗೆ ಕಂಬಳಿ ಹೊದ್ದ ಅವನ ಹೆಂಡತಿ, ಅವಳ ತಲೆ ಹಿಡಿದುಕೊಂಡ ತಾಯಿ. ಅವನು ಹೊಸ ಮನೆಯನ್ನು, ಬಳಿದ ಸುಣ್ಣವನ್ನು, ಬಾಗಿಲ ತೋರಣವನ್ನು ನೋಡಿ ಎತ್ತಿನ ಹಗ್ಗ ಹಿಡಿದುಕೊಂಡು ರಸ್ತೆಯಲ್ಲೇ ನಿಂತುಬಿಟ್ಟ.

“ನರ್ಸಬಾಯಾರು ಇಲ್ಲೇ ಇರ್ತಾರಂತಲ್ರಿ? ಒಳಗ ತಂದ್ರ ಮನಿ ಮಾಲಕರು ಏನರ ಅಂದಾರು…”

“ಮಾಲಕರೂ ನಾನ, ಬಾಯೀನೂ ನಾನ,” ಎಂದು ರಸ್ತೆಯ ಕಡೆಯ ಎರಡೂ ಕದ ತೆರೆದೆ. “ಗಾಡಿ ಹಿಂದಕ್ಕ ಹಚ್ರಿ. ಹಿಡೀರಿ ಆಕೀನ್ನ. ಲಗೂ.”